ದುರ್ಬೀನು ತಗೊಳ್ಳೋ ಮೊದಲು

ಚಳಿಗಾಲಕ್ಕ ಸುರಪುರದ ಕಡೆ ಬೋನಾಳ ಕೆರಿಗೆ ಪಟ್ಟೆತಲೆ ಹೆಬ್ಬಾತು ಬರ್ತಾವ, ಬೀದರ್ ಕಡೆ ಬಯಲಾಗ ಚಿಗರಿ ಕಾಣ್ತಾವ. ಎರಡಕ್ಕೂ ನನ್ನ ಆಯ್ಕೆ 8×42 ದುರ್ಬೀನು, ಅಂದ್ರ 8 ಪಟ್ಟು ಹಿಗ್ಗಿಸಿ ತೋರಸ್ತದ, ಮುಂದಿನ ಗಾಜಿನ ಅಗಲ 42 ಮಿಲಿಮೀಟರ್. 42ನ್ನ 8ರಿಂದ ಭಾಗಿಸಿದ್ರ 5.25. ಕಣ್ಣಿಗೆ ಬೀಳೋ ಬೆಳಕಿನ ಅಗಲ ಅಷ್ಟು ಮಿಲಿಮೀಟರ್. 10×42ರೊಳಗ ಅದು 4.2ಕ್ಕ ಇಳಿತದ, ನಸುಕಿನಾಗ ಮಬ್ಬು, ಕೈ ನಡುಕಾನೂ ಜಾಸ್ತಿ ಕಾಣ್ತದ. ಮಧ್ಯಾಹ್ನ ಎರಿ ನೆಲ ಕಾದು ಗಾಳಿ ಕುಣಿಯಾಕತ್ತಿದ್ರ ಎಷ್ಟೇ ದುಬಾರಿ ಗಾಜಿದ್ರೂ ಚಿತ್ರ ಅಲ್ಲಾಡ್ತದ. ಬೆಳಿಗ್ಗೆ 9ರೊಳಗ ನೋಡ್ರಿ.

ಅಂಗಡಿ ಹೊರಗ ನಿಂತು ದೂರದ ಟವರ್ ನೋಡ್ರಿ. ಬಲಗಡೆ ಗಾಜು ಮುಚ್ಚಿ ನಡುವಿನ ಚಕ್ರದಿಂದ ಎಡಗಣ್ಣಿಗೆ ಸ್ಪಷ್ಟ ಮಾಡ್ರಿ. ಆಮ್ಯಾಲ ಎಡಗಡೆ ಮುಚ್ಚಿ, ಬಲಗಣ್ಣಿನ ಬಳಿ ಇರೋ ಉಂಗುರ ತಿರುವ್ರಿ. ಇಷ್ಟಾದ ಮ್ಯಾಲೂ ಟವರ್ ಎರಡೆರಡು ಕಂಡ್ರ ಒಳಗಿನ ಪ್ರಿಸಂ ಸರಿದದ ಅಂತ ತಿಳೀರಿ, ಬ್ಯಾಡಂತ ವಾಪಸ್ ಕೊಡ್ರಿ. ಚಷ್ಮಾದವರು ಐ ರಿಲೀಫ್, ಅಂದ್ರ ಪೂರ್ತಿ ಚಿತ್ರ ಕಾಣಾಕ ಕಣ್ಣು ಹಿಂದಿನ ಗಾಜಿನಿಂದ ಇರಬಹುದಾದ ದೂರ, 15 ಮಿ.ಮೀ.ಗಿಂತ ಹೆಚ್ಚಿರೋದನ್ನೇ ಕೇಳ್ರಿ.

ಧೂಳು ಕುಂತ್ರ ಅಂಗಿ ಚುಂಗಿನಿಂದ ಒರೆಸಬ್ಯಾಡ್ರಿ, ಮರಳಿನ ಕಣ ಲೇಪನ ಗೀರ್ತದ. ಮೊದಲು ಬ್ಲೋವರ್‌ಲೆ ಊದಿ, ಆಮ್ಯಾಲ ಮೈಕ್ರೋಫೈಬರ್ ಬಟ್ಟಿ.

ಒಂದು ಕಾಲಕ್ಕ ಈ ಬಯಲಾಗ ಚಿಗರಿ ಹುಡುಕ್ತಿದ್ದ ಕಣ್ಣಿನ ಹಿಂದ ಬಂದೂಕೂ ಇರ್ತಿತ್ತು. 1972ರ ವನ್ಯಜೀವಿ ಕಾಯ್ದೆ ಬಂದ ಮ್ಯಾಲ ನೋಡೋದಷ್ಟೇ ಉಳಿದದ, ನನಗಂತೂ ಅದೇ ದೊಡ್ಡದು ಅನಸ್ತದ.

ಚೀಲ 20 ಲೀಟರಿಂದು ಸಾಕು, ಸೊಂಟದ ಪಟ್ಟಿ ಇರಲಿ, ನೀರು ಬೆನ್ನಿಗೆ ಹತ್ತಿ ಇರಲಿ. ಚಿಗರಿ ಮೇಯೋದು ಬಿಟ್ಟು ತಲಿ ಎತ್ತಿತಂದ್ರ ನೀವು ಭಾಳ ಸಮೀಪ ಹೋಗೀರಿ, ಅಲ್ಲೇ ಕುಂಡ್ರಿ.