ಮಲ್ಲಿಗೆ ತೊಟ್ಟಿನ ಹಸಿರು

ಮೈಸೂರು, ಶನಿವಾರ, 17 ಮೇ 2025

ಬೆಳಗ್ಗೆ ಆರೂವರೆಗೆ ದೇವರಾಜ ಮಾರುಕಟ್ಟೆಗೆ ಹೋಗಿದ್ದೆ. ರಾತ್ರಿ ಮಳೆ ಬಂದು ನಿಂತಿತ್ತು. ದುಂಡು ಮಲ್ಲಿಗೆ ಮೊಗ್ಗನ್ನು ಒದ್ದೆ ಬಾಳೆಲೆ ಮೇಲೆ ರಾಶಿ ಹಾಕಿದ್ದರು. ಪಕ್ಕದಲ್ಲಿ ಮರುಗ, ಕನಕಾಂಬರ. ಕಾಲು ಕೆಜಿ ಬಿಡಿ ಮೊಗ್ಗು ಕಟ್ಟಿಸಿಕೊಂಡೆ. ಅಮ್ಮನಿಗೆ ಕಟ್ಟೋಕೆ ಸ್ವಲ್ಪ, ನನಗೆ ಮೂಸೋಕೆ ಸ್ವಲ್ಪ.

ಮನೆಗೆ ಬರುವಾಗ ದಾರಿಯುದ್ದಕ್ಕೂ ಮೂಸುತ್ತಲೇ ಬಂದೆ. ಬೆಳಗಿನ ಮೊಗ್ಗಿನಲ್ಲಿ ಮಲ್ಲಿಗೆ ವಾಸನೆ ಇನ್ನೂ ಒಳಗೇ ಇರುತ್ತದೆ. ಅದು ಬಿಚ್ಚಿಕೊಳ್ಳೋದು ಸಂಜೆ. ಬೆಳಗ್ಗೆ ಮೂಗಿಗೆ ಮೊದಲು ಬರೋದು ತೊಟ್ಟು. ಆಗ ತಾನೇ ಕಿತ್ತ ತೊಟ್ಟಿನ ಹಸಿ, ಸೊನೆಯಂಥ, ಸ್ವಲ್ಪ ಒಗರಾದ ಹಸಿರು. ನಾಲ್ಕು ತಿಂಗಳಿಂದ ನಾನು ಮನೆಯಲ್ಲಿ ಬೆರೆಸಿ ಮಾಡ್ತಿರೋ ಮಲ್ಲಿಗೆ ಸುಗಂಧದಲ್ಲಿ ಇಲ್ಲದೇ ಇರೋದು ಅದೇ.

ನನ್ನ ಮಲ್ಲಿಗೆಯಲ್ಲಿ ಬೇಕಾದ ವಾಸನೆ ರಾಸಾಯನಿಕಗಳೆಲ್ಲ ಇವೆ. ಬೆಂಜೈಲ್ ಅಸಿಟೇಟ್, ಲಿನಾಲೂಲ್, ಮೀಥೈಲ್ ಆಂಥ್ರಾನಿಲೇಟ್, ಚೂರು ಇಂಡೋಲ್, ತಳದಲ್ಲಿ ಹೆಡಿಯೋನ್. ಮೊದಲ ನಾಲ್ಕೂ ನಿಜವಾದ ದುಂಡು ಮಲ್ಲಿಗೆಯಲ್ಲೇ ಇರುವಂಥವು. ಆದರೂ ಬಾಟಲಿ ತೆಗೆದರೆ ದೇವರ ಮನೆ ನೆನಪಾಗುತ್ತದೆ, ಹೂವಿನ ಅಂಗಡಿ ಅಲ್ಲ. ಹಸಿರಿಗೆ ಅಂತ ಸಿಸ್-3-ಹೆಕ್ಸೆನಾಲ್ ಹಾಕಿ ನೋಡಿದೆ. ಹುಲ್ಲು ಕತ್ತರಿಸಿದಾಗ ಬರುತ್ತಲ್ಲ, ಆ ವಾಸನೆ. ಎಲೆಗೆ ಗಾಯವಾದ ಕೂಡಲೇ ಅದರೊಳಗಿನ ಲಿನೋಲೆನಿಕ್ ಆಮ್ಲವನ್ನು ಎಂಜೈಮ್‌ಗಳು ಒಡೆಯುತ್ತವೆ. ಮೊದಲು ಒಂದು ಆಲ್ಡಿಹೈಡ್ ಹುಟ್ಟುತ್ತದೆ, ಅದರಿಂದ ಈ ಆಲ್ಕೋಹಾಲ್. ತುಂಬ ಚೆಂದದ ವಸ್ತು. ಆದರೆ ಅದು ಹುಲ್ಲಿನ ಹಸಿರು, ಮೇಲೆ ಮೇಲೆ ಓಡಾಡಿ ಸ್ವಲ್ಪ ಹೊತ್ತಿಗೇ ಹಾರಿಹೋಗುತ್ತದೆ. ನನಗೆ ಬೇಕಾಗಿದ್ದು ಉಗುರಲ್ಲಿ ತೊಟ್ಟು ಚಿವುಟಿದಾಗ ಬರುವ ಹಸಿರು.

ಅದಕ್ಕೇ ಈ ಸಲ ಪೈರಜೀನ್ ಅನ್ನುವ, ತುಂಬ ಜೋರಾದ ಹಸಿರು ವಾಸನೆಯ ರಾಸಾಯನಿಕ ತರಿಸಿದ್ದು. ಪೂರ್ತಿ ಹೆಸರು 2-ಐಸೋಬ್ಯುಟೈಲ್-3-ಮೆಥಾಕ್ಸಿಪೈರಜೀನ್. 5 ಗ್ರಾಂ ಬಾಟಲಿ, ಕಿರುಬೆರಳಿನಷ್ಟು ಉದ್ದ.

ದಪ್ಪ ಮೆಣಸಿನಕಾಯಿಯನ್ನು ಚಾಕುವಿನಲ್ಲಿ ಸೀಳಿದಾಗ ಮುಖಕ್ಕೆ ಹೊಡೆಯುವ ವಾಸನೆ ಇದರದ್ದೇ. ಅದರಲ್ಲಿ ಇದು ಇದೆ ಅಂತ ಕ್ಯಾಲಿಫೋರ್ನಿಯಾದ ಸರ್ಕಾರಿ ಪ್ರಯೋಗಾಲಯದ ಬಟರಿ ಮತ್ತವರ ಜೊತೆಯವರು 1969ರಲ್ಲಿ ತೋರಿಸಿದರು. ನೀರಿನಲ್ಲಿ ಲಕ್ಷ ಕೋಟಿ ಪಾಲಿಗೆ 2 ಪಾಲು ಇದ್ದರೂ ಮನುಷ್ಯರ ಮೂಗಿಗೆ ಸಿಗುತ್ತದೆ ಅಂತ ಅವರು ಅಳೆದರು. ಓದುವಾಗ ಈ ಅಂಕಿ ತಲೆಗೆ ಹತ್ತಲಿಲ್ಲ. ಕೂತು ಲೆಕ್ಕ ಹಾಕಿದೆ. ನನ್ನ ಡ್ರಾಪರ್‌ನ ಒಂದು ಹನಿ ಸುಮಾರು 24 ಮಿಲಿಗ್ರಾಂ ತೂಗುತ್ತದೆ. ಅಷ್ಟು ಸಾಕು, 1 ಕೋಟಿ 20 ಲಕ್ಷ ಲೀಟರ್ ನೀರಿಗೆ ವಾಸನೆ ಬರೋಕೆ. ಬೇಸಿಗೆಯಲ್ಲಿ ಬೆಂಗಳೂರಿನ ಬೀದಿಗಳಲ್ಲಿ ಓಡಾಡುವ 12,000 ಲೀಟರಿನ ಟ್ಯಾಂಕರ್ ಇದೆಯಲ್ಲ, ಅಂಥವು ಸಾವಿರ.

ಹಾಗಾಗಿ ಇವತ್ತು ಮಲ್ಲಿಗೆಯ ಕೆಲಸ ಏನೂ ಮಾಡಲಿಲ್ಲ. ತೆಳು ಮಾಡೋದಷ್ಟೇ ಮಾಡಿದ್ದು. ಹಿತ್ತಲ ಬಾಗಿಲು ತೆಗೆದು, ಕೈಗವಸು ಹಾಕಿ, ತಕ್ಕಡಿಯನ್ನು ಕಟ್ಟೆ ಮೇಲೆ ಇಟ್ಟುಕೊಂಡೆ. 0.1 ಗ್ರಾಂ ಪೈರಜೀನ್‌ಗೆ 9.9 ಗ್ರಾಂ ಡಿಪಿಜಿ (ಡೈಪ್ರೊಪಿಲೀನ್ ಗ್ಲೈಕಾಲ್, ತೆಳು ಮಾಡೋಕೆ ಬಳಸುವ, ವಾಸನೆ ಇಲ್ಲದಂಥ ದ್ರವ). ಅದು 1%. ಅದರಲ್ಲಿ 1 ಗ್ರಾಂ ತೆಗೆದು 9 ಗ್ರಾಂ ಡಿಪಿಜಿಗೆ ಹಾಕಿದರೆ 0.1%. ಅದರಲ್ಲಿ ಮತ್ತೆ 1 ಗ್ರಾಂ, ಮತ್ತೆ 9 ಗ್ರಾಂ. 0.01%. ಪ್ರತಿ ಸಲಕ್ಕೂ ಬೇರೆ ಪಿಪೆಟ್. ಇಲ್ಲಿ ಪಿಪೆಟ್ ಉಳಿಸೋಕೆ ಹೋಗಬೇಡಿ. ಹಳೆಯದರ ತುದಿಯಲ್ಲಿ ಕಣ್ಣಿಗೆ ಕಾಣದಷ್ಟು ಉಳಿದಿದ್ದರೂ ಮುಂದಿನ ಬಾಟಲಿಯ ಲೆಕ್ಕ ಪೂರ್ತಿ ಸುಳ್ಳಾಗುತ್ತದೆ. ಹನಿ ಎಣಿಸೋದನ್ನೂ ನಂಬಬೇಡಿ, ತೂಕ ಮಾಡಿ. ಮತ್ತೆ, ತೆಳು ಮಾಡದ ಅಸಲು ಬಾಟಲಿಯನ್ನು ಮೂಗಿನ ಹತ್ತಿರ ಹಿಡಿಯಲೇಬೇಡಿ. ಏನೂ ಗೊತ್ತಾಗಲ್ಲ. ಮೂಗು ಕಟ್ಟಿದ ಹಾಗಾಗಿ ಉಳಿದ ದಿನವೆಲ್ಲ ಹಾಳು.

0.01% ಬಾಟಲಿಯಲ್ಲಿ ಕಾಗದದ ಪಟ್ಟಿ ಅದ್ದಿ ಮೂಸಿದಾಗ ಮಾತ್ರ ಅದರ ನಿಜವಾದ ಗುಣ ಕಂಡಿತು. ಮೆಣಸಿನಕಾಯಿ ಹಿಂದೆ ಸರಿದಿತ್ತು. ಸಿಪ್ಪೆ ಬಿಡಿಸಿದ ಹಸಿ ಬಟಾಣಿ ಬಂತು, ಅದರ ಹಿಂದೆ ಮಣ್ಣು ಹತ್ತಿದ ಬೇರು. ಎಷ್ಟು ಕಡಿಮೆ ಮಾಡಿದರೆ ಅಷ್ಟು ಹತ್ತಿರ ಬರುವ ವಸ್ತು ಇದು. ನನಗಂತೂ ಮೈ ಜುಮ್ ಅಂತು.

ಆಮೇಲೆ ಒಂದು ತಪ್ಪಾಯಿತು. ಎಲ್ಲ ಮುಗಿಸಿ ಅಸಲು ಬಾಟಲಿಯ ಮುಚ್ಚಳ ತಿರುಗಿಸುವಾಗ ಬಾಯಲ್ಲಿ ಉಳಿದಿದ್ದ ಒಂದು ಹನಿ ಮೇಜಿನ ಬಟ್ಟೆಗೆ ಬಿತ್ತು. ಆ ಬಟ್ಟೆ ಅಲ್ಲಿ ಇರಲೇಬಾರದಿತ್ತು. ತಕ್ಷಣ ಎತ್ತಿ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಾಯಿ ಕಟ್ಟಿದೆ. ಅಷ್ಟರಲ್ಲೇ ತಡವಾಗಿತ್ತು.

ಭಾನುವಾರ, 18 ಮೇ

ಮನೆಯೆಲ್ಲ ಹಸಿ ಮೆಣಸಿನಕಾಯಿ. ಅಮ್ಮ ಎದ್ದವಳೇ ಅಡುಗೆಮನೆಯಲ್ಲಿ ತರಕಾರಿ ಬುಟ್ಟಿ ಹುಡುಕಿದಳು.

"ಏನೇ ಇದು, ದಪ್ಪ ಮೆಣಸಿನಕಾಯಿ ತಂದಿದೀಯಾ? ಎಲ್ಲೂ ಕಾಣ್ತಿಲ್ಲ."

ನಡೆದದ್ದು ಹೇಳಿದೆ. ಬೈಯಲಿಲ್ಲ. ಆದರೆ ಕಾಫಿ ಲೋಟ ಹಿಡಿದು ಹೊರಗೆ ಜಗಲಿಗೆ ಹೋದಳು. "ಡಿಕಾಕ್ಷನ್ ವಾಸನೇನೇ ಗೊತ್ತಾಗ್ತಿಲ್ಲ ಕಣೆ" ಅಂದಳು. ಬೆಳಗಿನ ಕಾಫಿ ಅವಳಿಗೆ ಎಷ್ಟು ಮುಖ್ಯ ಅಂತ ನನಗೆ ಗೊತ್ತು. ತುಂಬ ಬೇಜಾರಾಯಿತು. ಇನ್ನು ಮೇಲೆ ಅಸಲು ಬಾಟಲಿಯನ್ನು ಮನೆಯೊಳಗೆ ತೆಗೆಯೋದಿಲ್ಲ. ಕೆಲಸದ ಜಾಗದಲ್ಲಿ ಬಟ್ಟೆ ಇರೋದಿಲ್ಲ, ಸ್ಟೀಲ್ ತಟ್ಟೆ ಮಾತ್ರ.

ಶನಿವಾರ, 24 ಮೇ

ವಾಸನೆ ಹೋಗೋಕೆ ನಾಲ್ಕು ದಿನ ಹಿಡಿಯಿತು. ಅಷ್ಟು ದಿನ ಏನೂ ಬೆರೆಸಲಿಲ್ಲ, ಸುಮ್ನೆ ಓದಿದೆ. 1969ರಲ್ಲೇ ಗಾಲ್ಬನಮ್ ಎಣ್ಣೆಯಲ್ಲೂ ಈ ಜಾತಿಯ ಪೈರಜೀನ್‌ಗಳು ಇವೆ ಅಂತ ಗೊತ್ತಾಗಿತ್ತಂತೆ. ಗಾಲ್ಬನಮ್ ಇರಾನ್ ಕಡೆ ಬೆಳೆಯುವ ಒಂದು ಗಿಡದ ಅಂಟು. ಗಿಡದ ಹೆಸರು ಫೆರುಲಾ ಗಮ್ಮೋಸಾ. ನಮ್ಮ ಸಾರಿನ ಒಗ್ಗರಣೆಗೆ ಬೀಳುವ ಇಂಗೂ ಫೆರುಲಾ ಕುಲದ್ದೇ! ಇಂಗಿನ ದಾಯಾದಿಯಿಂದ ಪ್ಯಾರಿಸ್ಸಿನವರು ಸುಗಂಧ ಮಾಡಿದರು ಅಂದರೆ ಎಷ್ಟು ಜನ ನಂಬುತ್ತಾರೆ? 1947ರಲ್ಲಿ ಜರ್ಮೇನ್ ಸೆಲಿಯೇ ಅನ್ನುವ ಹೆಂಗಸು ಬಾಲ್ಮ್ಯಾಂ ಕಂಪನಿಗೆ 'ವಾಂ ವೇರ್' ಮಾಡಿದಳು. ಅಂದರೆ ಹಸಿರು ಗಾಳಿ. ಗಾಲ್ಬನಮನ್ನು ಧಾರಾಳವಾಗಿ ಸುರಿದಿದ್ದಳು. ಪರ್ಫ್ಯೂಮ್ ಮಾಡುವ ಕೆಲಸದಲ್ಲಿ ಹೆಂಗಸರೇ ಅಪರೂಪವಾಗಿದ್ದ ಕಾಲ ಅದು. ಅವಳು ಸುರಿದಳು, ನಾನು ಹನಿ ಹನಿ ಕಳೆಯುತ್ತಿದ್ದೇನೆ. ಆದರೂ ಅವಳ ಧೈರ್ಯ ನೆನೆಸಿಕೊಂಡರೆ ನನಗೂ ಬಲ ಬರುತ್ತದೆ.

ಇವತ್ತು ಬೆಳಗ್ಗೆ ನನ್ನ ಮಲ್ಲಿಗೆಯನ್ನು 10 ಗ್ರಾಂನಂತೆ ನಾಲ್ಕು ಬಾಟಲಿಗೆ ಹಂಚಿದೆ. ಮೊದಲನೆಯದಕ್ಕೆ ಏನೂ ಹಾಕಲಿಲ್ಲ. ಎರಡನೆಯದಕ್ಕೆ 0.1% ದ್ರಾವಣದ ಒಂದು ಹನಿಯ ತೂಕ. ಮೂರನೆಯದಕ್ಕೆ 0.01%ನ ಮೂರು ಹನಿ. ನಾಲ್ಕನೆಯದಕ್ಕೆ ಅದೇ 0.01%, ಒಂದೇ ಹನಿ. ಮಧ್ಯಾಹ್ನದವರೆಗೆ ಕೂರಲು ಬಿಟ್ಟು ಕಾಗದದ ಪಟ್ಟಿಗಳಿಗೆ ಅದ್ದಿ, ಹಿಂದೆ ಪೆನ್ಸಿಲ್‌ನಲ್ಲಿ ಅಂಕಿ ಬರೆದು ಅಮ್ಮನ ಹತ್ತಿರ ಒಯ್ದೆ. ಅವಳು ಜಗಲಿಯಲ್ಲಿ ಮೊರ ಇಟ್ಟುಕೊಂಡು ಹೂ ಕಟ್ಟುತ್ತಿದ್ದಳು. ಐವತ್ತು ವರ್ಷದಿಂದ ಮಲ್ಲಿಗೆ ಕಟ್ಟಿದ ಕೈ. ಯಾವ ಪಟ್ಟಿಯಲ್ಲಿ ಏನಿದೆ ಅಂತ ಹೇಳಲಿಲ್ಲ.

ಮೊದಲನೆಯದು ಮೂಸಿ, "ಊದಿನಕಡ್ಡಿ ಮಲ್ಲಿಗೆ" ಅಂದಳು. ನಾಲ್ಕು ತಿಂಗಳಿಂದ ನನಗೆ ಕಾಡಿದ್ದು ಒಂದೇ ಮಾತಲ್ಲಿ ಬಂತು.

ಎರಡನೆಯದಕ್ಕೆ ಮುಖ ಹಿಂದಕ್ಕೆ ತೆಗೆದಳು. "ಹೂವಿನ ಜೊತೆ ತರಕಾರಿ ಕಟ್ಟಿಕೊಟ್ಟಿದಾರೆ."

ಮೂರನೆಯದನ್ನು ತುಂಬ ಹೊತ್ತು ಹಿಡಿದಿದ್ದಳು. ಆಮೇಲೆ ಮೊರದಿಂದ ಒಂದು ಮೊಗ್ಗು ಎತ್ತಿ ಅದನ್ನೂ ಮೂಸಿದಳು. "ಇದು ಮೊಗ್ಗು. ಇನ್ನೂ ಅರಳಿಲ್ಲ. ಬೆಳಗ್ಗೆ ಕಿತ್ತಿದ್ದು."

ನಾಲ್ಕನೆಯದು. "ಇದೂ ಅದೇ ಹೂವು ಅಲ್ವಾ? ಆದ್ರೆ ಇದು ಸಂಜೆಯದ್ದು, ಬಿರಿದಿದೆ."

ನಾನು ಸುಮ್ಮನೆ ಕೂತುಬಿಟ್ಟೆ. ಮೂರು ಮತ್ತು ನಾಲ್ಕರ ನಡುವೆ ಇರುವ ವ್ಯತ್ಯಾಸ 0.01% ದ್ರಾವಣದ ಎರಡೇ ಹನಿ. 10 ಗ್ರಾಂಗೆ ಒಂದು ಮಿಲಿಗ್ರಾಂನ ಇನ್ನೂರನೇ ಒಂದು ಪಾಲಿನಷ್ಟು ವಸ್ತು. ಅಷ್ಟರಲ್ಲಿ ಹೂವಿನ ಹೊತ್ತು ಬದಲಾಗಿತ್ತು, ಬೆಳಗಿನದು ಸಂಜೆಯದಾಗಿತ್ತು. ಹಸಿರು ಅನ್ನುವ ಮಾತನ್ನು ಅಮ್ಮ ಒಂದು ಸಲವೂ ಆಡಲಿಲ್ಲ. ಮೆಣಸಿನಕಾಯಿಯೂ ಇಲ್ಲ. ಈ ಪೈರಜೀನ್ ಹಸಿರು ವಾಸನೆ ತರೋಕೆ ಬೇಕು ಅಂದುಕೊಂಡು ನಾನು ತರಿಸಿದ್ದೆ. ಅದು ಮಾಡಿದ್ದು ಬೇರೆಯೇ. ಅದನ್ನು ಅದರ ಹೆಸರಿನಿಂದ ಗುರುತಿಸಲು ಆಗುವಷ್ಟು ಇದ್ದರೆ ಜಾಸ್ತಿಯಾಯಿತು ಅಂತಲೇ ಅರ್ಥ ಅಂತ ನನ್ನ ಪುಸ್ತಕದಲ್ಲಿ ಬರೆದುಕೊಂಡೆ.

"ಯಾವುದು ಇಟ್ಕೊಳ್ಳಲಿ?" ಅಂತ ಕೇಳಿದೆ.

"ನನಗೆ ಬೆಳಗಿನದು ಇಷ್ಟ" ಅಂದಳು. "ಮುಡಿದ ಮೇಲೆ ಅರಳೋದು ಇನ್ನೂ ಬಾಕಿ ಇರುತ್ತಲ್ಲ."

ಈಗ ರಾತ್ರಿ ಹತ್ತು. ಮೂರನೆಯ ಪಟ್ಟಿಯನ್ನು ಮತ್ತೆ ಮೂಸಿದೆ. ತೊಟ್ಟು ಮೂರು ಗಂಟೆಗೇ ಹೋಗಿತ್ತು. ಬೆಂಜೈಲ್ ಅಸಿಟೇಟ್, ಲಿನಾಲೂಲ್ ಕೂಡ ಹಾರಿಹೋಗಿವೆ. ಉಳಿದಿರೋದು ಹೆಡಿಯೋನ್ ಮತ್ತು ಇಂಡೋಲ್, ಬಾಡಿದ ದಂಡೆಯ ಹಾಗೆ. ಮುಂದಿನ ವಾರ ಸಿಸ್-3-ಹೆಕ್ಸೆನೈಲ್ ಸ್ಯಾಲಿಸಿಲೇಟ್ ಸೇರಿಸಿ ನೋಡಬೇಕು. ಅದೂ ಹಸಿರೇ, ಆದರೆ ಮೆತ್ತಗೆ, ಪಟ್ಟಿಯ ಮೇಲೆ ದಿನಗಟ್ಟಲೆ ಕೂರುತ್ತದೆ. 2%ನಿಂದ ಶುರು ಮಾಡುತ್ತೇನೆ. ಪೈರಜೀನ್ ಮಾತ್ರ ಮೂರೇ ಹನಿ.