ಒಂದು ಪರಾತ ಎರಿಮಣ್ಣು

ಗದಗಿನ ಕಾಲೇಜಿಗೆ ನಾನು ಪಿಯುಸಿ ಓದಲು ಬಂದದ್ದು 1996ರಲ್ಲಿ. ಆ ವರ್ಷ ಅಪ್ಪ ಹತ್ತಿಗೆ ಏಳೆಂಟು ಸಲ ಎಣ್ಣಿ, ಅಂದರೆ ಕೀಟನಾಶಕ, ಹೊಡೆದರೂ ಕಾಯಿಕೊರಕ ಬಗ್ಗಿರಲಿಲ್ಲ. ವಿಕಾಸವಾದದ ಪಾಠ ನಡೆದಾಗ ಎದ್ದು ನಿಂತು, "ಸರ್, ನಮ್ಮ ಹೊಲದ ಕೀಡಿಗೆ ಎಣ್ಣಿ ರೂಢಿ ಆಗೇತ್ರಿ. ಇದೂ ವಿಕಾಸನ ಏನ್ರಿ?" ಎಂದು ಕೇಳಿದೆ.

ಮರುದಿನ ಸರ್ ಒಂದು ಪರಾತದ ತುಂಬ ಕರ್ರಗಿನ ಎರಿಮಣ್ಣು ತಂದರು. ಮೇಲೆ ಐವತ್ತು ಬಿಳಿಜೋಳ, ಐವತ್ತು ಕರಿ ಉದ್ದು ಚೆಲ್ಲಿ, "ನೀವು ಗುಬ್ಬಿ. ನಾ ಇಪ್ಪತ್ತು ಎಣಸೂದ್ರಾಗ ಹೆಕ್ರಿ" ಎಂದರು. ನಾಲ್ವರು ಮುಗಿಬಿದ್ದೆವು. ಉಳಿದದ್ದು ಜೋಳ ಹನ್ನೊಂದು, ಉದ್ದು ಮೂವತ್ತೆಂಟು. ಉಳಿದ ಪ್ರತಿ ಕಾಳಿಗೂ ಅದರದೇ ಜಾತಿಯ ಇನ್ನೊಂದು ಸೇರಿಸಿ, ಇವು ಮರಿಗಳು ಎಂದರು. ಮತ್ತೆ ಹೆಕ್ಕಿದೆವು. ಮೂರನೆಯ ಸುತ್ತಿನ ಹೊತ್ತಿಗೆ ಪರಾತದಲ್ಲಿ ಜೋಳ ಒಂದೂ ಇರಲಿಲ್ಲ.

"ತಮ್ಮಾ, ಒಂದರ ಜ್ವಾಳ ಕರ್ರಗ ಆತೇನು?"

"ಇಲ್ರಿ ಸರ್."

ಯಾವ ಕೀಡಿಯೂ ವಿಷಕ್ಕೆ ರೂಢಿಯಾಗಿರಲಿಲ್ಲ. ತಾಳಿಕೊಳ್ಳುವ ಗುಣವಿದ್ದ ಕೆಲವು ಮೊದಲೇ ಇದ್ದವು. ಎಣ್ಣಿ ಉಳಿದವನ್ನು ಕೊಂದು ಹೊಲವನ್ನು ಇವುಗಳ ಸಂತತಿಗೆ ಬಿಟ್ಟುಕೊಟ್ಟಿತ್ತು. ಮೊಟ್ಟೆ ತಿನ್ನುವ ಗುಲಗಂಜಿ ಹುಳ, ಜೇಡಗಳೂ ಅದೇ ಎಣ್ಣಿಗೆ ಸತ್ತಿದ್ದವು. ಅವು ನಮ್ಮ ಪಾಲಿನ ಆಳುಗಳು ಅನ್ನುವುದು ನನಗೆ ಅಂದು ತಿಳಿಯಿತು.

ಡಿಸೆಂಬರಿನಲ್ಲಿ ಗದಗಿನ ಹತ್ತಿರದ ಮಾಗಡಿ ಕೆರೆಗೆ ಹೋದೆವು. ಹಿಮಾಲಯ ದಾಟಿ ಬಂದ ಪಟ್ಟೆತಲೆ ಹೆಬ್ಬಾತುಗಳ ರಕ್ತ ತೆಳುಗಾಳಿಯಲ್ಲೂ ಆಮ್ಲಜನಕ ಚೆನ್ನಾಗಿ ಹಿಡಿಯುತ್ತದೆ ಎಂದು ಸರ್ ಹೇಳಿದಾಗ, ನನ್ನ ಕಣ್ಣ ಮುಂದೆ ಬಂದದ್ದು ಆ ಪರಾತವೇ.

2002ರಲ್ಲಿ, ಕಾಯಿಕೊರಕವನ್ನು ಕೊಲ್ಲುವ ವಿಷವನ್ನು ಗಿಡವೇ ತಯಾರಿಸುವ ಬಿಟಿ ಹತ್ತಿಗೆ ಅನುಮತಿ ಸಿಕ್ಕಿತು. 450 ಗ್ರಾಂ ಬಿಟಿ ಬೀಜದ ಜೊತೆ 120 ಗ್ರಾಂ ಸಾದಾ ಬೀಜದ ಸಣ್ಣ ಪಾಕೀಟು ಬರುತ್ತಿತ್ತು. ಬಹಳ ಮಂದಿ ಅದನ್ನು ಬದುವಿಗೆ ಎಸೆಯುತ್ತಿದ್ದರು. ಸುತ್ತಲೂ ಸಾದಾ ಬೀಜ ಊರಬೇಕು, ಅಲ್ಲಿ ಬೆಳೆದ ಪತಂಗಗಳು ಬಿಟಿ ತಾಳಿಕೊಂಡವುಗಳ ಜೊತೆ ಕೂಡಿದರೆ ಮರಿಗಳು ಬಿಟಿಗೆ ಸಾಯುತ್ತವೆ ಎಂದು ನಾನು ಹೇಳಿದರೆ ಅಪ್ಪ, "ದುಡ್ಡ ಕೊಟ್ಟು ಕೀಡಿ ಸಾಕೂದೇನ?" ಎಂದು ಸಿಟ್ಟಾದ. ಮುಂದೆ ಗುಲಾಬಿ ಕಾಯಿಕೊರಕ ಬಿಟಿಯನ್ನೂ ಮೀರಿತು. ನಮ್ಮದೊಂದು ಹೊಲದಿಂದ ಅದು ತಡೆಯುವಂಥದ್ದಾಗಿರಲಿಲ್ಲ. ಆದರೆ ಅಪ್ಪ ಸಿಟ್ಟಾದ ಆ ರಾತ್ರಿ ಅವ್ವನ ಡಬ್ಬಿಯಿಂದ ಜೋಳ, ಉದ್ದು ತೆಗೆದು ಪರಾತದ ಮಣ್ಣಿನ ಮೇಲೆ ಚೆಲ್ಲಿದೆ. ಅಪ್ಪ ಕಂದೀಲು ಹತ್ತಿರ ಎಳೆದುಕೊಂಡು ಮೂರೂ ಸುತ್ತು ಹೆಕ್ಕಿದ. ಬೆಳಿಗ್ಗೆ ಸಣ್ಣ ಪಾಕೀಟನ್ನೇ ಮೊದಲು ಹರಿದು, ಹೊಲದ ಸುತ್ತ ಐದು ಸಾಲು ಊರಿಸಿದ.