ಶಾಂಜೆಲಿಜೆಯ ಅಂಗಡಿ ದೀಪದಲ್ಲಿ ಜಾನ್ ಮೊರೊ

ಮೊನ್ನೆ ಭಾನುವಾರ 'ಎಲಿವೇಟರ್ ಟು ದಿ ಗ್ಯಾಲೋಸ್' ಚಿತ್ರದ ರಾತ್ರಿ ನಡಿಗೆಯನ್ನು ಎರಡು ಸಲ ನೋಡಿದೆ, ಮೊದಲು ಸದ್ದು ಆರಿಸಿ, ಆಮೇಲೆ ಸದ್ದಿನ ಜೊತೆ. ಅದರ ಕಸುಬು ಕಾಣಬೇಕಾದರೆ ಹಾಗೆಯೇ ನೋಡಬೇಕು.

ಪ್ರಿಯಕರ ಲಿಫ್ಟಿನಲ್ಲಿ ಸಿಕ್ಕಿಬಿದ್ದಿದ್ದಾನೆ. ಅದು ಗೊತ್ತಿಲ್ಲದ ಫ್ಲೊರಾನ್ಸ್ (ಫ್ರೆಂಚ್ ನಟಿ ಜಾನ್ ಮೊರೊ) ಅವನನ್ನು ಹುಡುಕುತ್ತ ಪ್ಯಾರಿಸ್ಸಿನ ಶಾಂಜೆಲಿಜೆ ಬೀದಿಯಲ್ಲಿ ಅಲೆಯುತ್ತಾಳೆ. ಚಿತ್ರೀಕರಣ 1957ರಲ್ಲಿ, ಮೊರೊಗೆ ಆಗ 29. ಕಾಮೆದಿ ಫ್ರಾನ್ಸೇಸ್ ರಂಗತಂಡದಲ್ಲಿ ಎಳೆಯ ವಯಸ್ಸಿಗೇ ಹೆಸರು ಮಾಡಿದ್ದ ನಟಿ. ಆದರೆ ಅದುವರೆಗಿನ ಚಿತ್ರಗಳಲ್ಲಿ ಕ್ಯಾಮೆರಾದವರಿಗೆ ಆಕೆಯ ಮುಖದ ಮೇಲೆ ನಂಬಿಕೆ ಇರಲಿಲ್ಲ. ದಪ್ಪಗೆ ಮೇಕಪ್ ಬಳಿದು, ದೀಪ ಸುರಿದು, ಕಣ್ಣ ಕೆಳಗಿನ ನೆರಳನ್ನೆಲ್ಲ ಅಳಿಸುತ್ತಿದ್ದರು.

ನಿರ್ದೇಶಕ ಲೂಯಿ ಮಾಲ್, ಛಾಯಾಗ್ರಾಹಕ ಆನ್ರಿ ದೆಕಾಯೆ ಆ ದೀಪಗಳನ್ನೇ ತೆಗೆದುಬಿಟ್ಟರು. ಮಂದ ಬೆಳಕಿಗೆ ಒಗ್ಗುವ ಟ್ರೈ-ಎಕ್ಸ್ ಫಿಲ್ಮ್ ಹಾಕಿ, ಕ್ಯಾಮೆರಾವನ್ನು ಮಗುವಿನ ತಳ್ಳುಗಾಡಿಯಲ್ಲಿಟ್ಟು, ಆಕೆಯ ನಡಿಗೆಗೆ ಸರಿಯಾಗಿ ತಳ್ಳಿಕೊಂಡು ಹೋದರು. ಬೆಳಕು ಅಂಗಡಿಗಳ ಗಾಜಿನ ಕಿಟಕಿಯದಷ್ಟೇ. ಇಂಥ ಕೆಲಸದಲ್ಲಿ ಅಪಾಯ ಕಡಿಮೆಯಲ್ಲ: ಲೆನ್ಸ್ ಅಗಲವಾಗಿ ತೆರೆದಷ್ಟೂ ಫೋಕಸ್ಸಿನ ಆಳ ಕುಗ್ಗುತ್ತದೆ, ನಟಿ ಒಂದು ಹೆಜ್ಜೆ ಮುಂದೆ ಬಂದರೂ ಮುಖ ಮಸುಕು. ಬೇಗ ಬೆಳಕು ಹಿಡಿಯುವ ಫಿಲ್ಮಿನಲ್ಲಿ ಕಾಳುಕಾಳಾದ ಕಣವೂ ಹೆಚ್ಚು. ಲ್ಯಾಬಿನವರು ರೀಲು ನೋಡಿ ಗಾಬರಿಯಾಗಿ, ಇವರು ಮೊರೊಳನ್ನು ಹಾಳುಮಾಡುತ್ತಿದ್ದಾರೆ ಎಂದು ನಿರ್ಮಾಪಕರಿಗೆ ದೂರು ಕೊಟ್ಟರಂತೆ.

ಸದ್ದಿಲ್ಲದೆ ನೋಡಿದಾಗ ಲ್ಯಾಬಿನವರು ಹೆದರಿದ್ದು ಯಾವುದಕ್ಕೆ ಎನ್ನುವುದು ತಿಳಿಯುತ್ತದೆ. ಒಂದು ಕಿಟಕಿ ದಾಟುವಾಗ ಕೆನ್ನೆ ಬೆಳಗುತ್ತದೆ, ಮುಂದಿನದು ಬರುವ ತನಕ ಕಣ್ಣು ಗುಳಿಬಿದ್ದಂತೆ ಕಪ್ಪಾಗುತ್ತದೆ. ತುಟಿಯ ಕೊನೆಗಳು ಕೆಳಕ್ಕೆ ಜಗ್ಗಿವೆ. ಆಕೆ ಅಳುವುದಿಲ್ಲ, ಅವಸರಪಡುವುದೂ ಇಲ್ಲ. ನನ್ನ ಮಟ್ಟಿಗೆ ಮೊರೊ ಸಿನಿಮಾ ನಟಿಯಾದದ್ದು ಇಲ್ಲೇ. 1960ರ ಕಾನ್ ಚಿತ್ರೋತ್ಸವದ ಪ್ರಶಸ್ತಿ, 1962ರ 'ಜೂಲ್ ಎ ಜಿಮ್' ಚಿತ್ರ ಎಲ್ಲ ಇದರ ನಂತರದವು.

ಇನ್ನು ಸದ್ದು ಹಾಕಿ. 1957ರ ಡಿಸೆಂಬರ್ 4ರ ರಾತ್ರಿ ಅಮೆರಿಕದ ಜಾಝ್ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ನಾಲ್ವರು ವಾದಕರೊಂದಿಗೆ ಪ್ಯಾರಿಸ್ಸಿನ ಸ್ಟುಡಿಯೋದಲ್ಲಿ ಕೂತರು. ದೃಶ್ಯದ ತುಣುಕುಗಳು ಪರದೆಯ ಮೇಲೆ ಮತ್ತೆ ಮತ್ತೆ ಓಡುತ್ತಿದ್ದವು. ಕೈಯಲ್ಲಿದ್ದದ್ದು ಕೆಲವೇ ಸ್ವರಸಂಯೋಜನೆಯ ಗುರುತು. ಉಳಿದದ್ದನ್ನು ನೋಡುತ್ತಲೇ ನುಡಿಸಿದರು. ಟ್ರಂಪೆಟ್ ಆಕೆಯ ಹೆಜ್ಜೆಗೆ ತಾಳ ಹಾಕುವುದಿಲ್ಲ, ಗಮನಿಸಿ. ಸ್ವಲ್ಪ ಹಿಂದೆ ಉಳಿದು, ಉಸಿರು ಹಿಡಿದಂತೆ ಒಂದು ಸ್ವರವನ್ನು ಎಳೆಯುತ್ತದೆ. ಅಷ್ಟರಲ್ಲಿ ಆಕೆ ಮುಂದಿನ ಕಿಟಕಿಯ ಬೆಳಕಿಗೆ ಬಂದಿರುತ್ತಾಳೆ.